ಸಾಕು, ಎತ್ತಿ

ಕಡಲ ಮೇಲೆ ಹಾರುತ್ತಿದ್ದ ಪುಟ್ಟ ವಿಮಾನದ ಎಂಜಿನ್ ಎರಡು ಸಲ ಕೆಮ್ಮಿ ತಣ್ಣಗಾಯಿತು. ಮೂತಿಯ ಪಂಖ ಮಾತ್ರ ಎದುರುಗಾಳಿಗೆ ಸೋಮಾರಿಯಾಗಿ ತಿರುಗುತ್ತಿತ್ತು. ವಿಮಾನ ನಡೆಸುತ್ತಿದ್ದ ಡಾಕ್ಟರಮ್ಮ ಪಕ್ಕಕ್ಕೆ ತಿರುಗಿ, "ಶುರು ಮಾಡಿದ್ರಾ ಮೇಷ್ಟ್ರೇ, ನಿಮ್ಮ ಆಟ?" ಎಂದರು.

ಹಾಗೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ವಿಮಾನ ಓಡಿಸಲು ಕಲಿಸುವ ಮೇಷ್ಟ್ರಿಗೆ ಮೊದಲಿನಿಂದಲೂ ಒಂದು ಚಾಳಿ. ಶಿಷ್ಯರು ಮೈಮರೆತು ಹಾರುತ್ತಿರುವಾಗ ಸದ್ದಿಲ್ಲದೆ ಎಂಜಿನ್ನಿನ ಹಿಡಿಯನ್ನು ಹಿಂದಕ್ಕೆಳೆದು, ಎಂಜಿನ್ ಕೆಟ್ಟಿತು, ಈಗೇನು ಮಾಡ್ತೀರಿ ಎಂದು ಕೇಳುವುದು. ಅವರು ಬೆವರಿಳಿಸಿಕೊಂಡು ತೇಲುತ್ತಾ ಬಂದು, ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ "ಸಾಕು, ಎತ್ತಿ" ಎನ್ನುವುದು. ಅರ್ಧ ಆಯಸ್ಸೆಲ್ಲ ಸುಳ್ಳುಸುಳ್ಳೇ ಎಂಜಿನ್ ಕೆಡಿಸಿದ ಈ ಮಹಾನುಭಾವರಿಗೆ ಅದು ನಿಜವಾಗಿ ಕೆಟ್ಟಿದ್ದು ಇದೇ ಮೊದಲು.

ವಿಮಾನವನ್ನು ತಾವೇ ವಹಿಸಿಕೊಳ್ಳೋಣವೆಂದು ಮೇಷ್ಟ್ರು ಕೈ ಚಾಚಿದರು. ಕೈ ಗಡಗಡ ನಡುಗುತ್ತಿತ್ತು. ಪಕ್ಕದಲ್ಲಿ, ದಿನವೂ ಮಕ್ಕಳ ಹಲ್ಲು ಕೀಳುವ ಡಾಕ್ಟರಮ್ಮನ ಕೈಗಳು ಕಲ್ಲಿನ ಹಾಗೆ ಸ್ಥಿರವಾಗಿದ್ದವು. ಪಾಪ, ಆಟ ಅಂದುಕೊಂಡಿದ್ದಾರೆ. ನಿಜ ಹೇಳಿದರೆ ಈ ಕೈಗಳೂ ನಡುಗುತ್ತವೆ, ಆಮೇಲೆ ಇಬ್ಬರಿಗೂ ಸಮುದ್ರವೇ ಗತಿ ಎಂದು ಮೇಷ್ಟ್ರಿಗೆ ಹೊಳೆಯಿತು. ನಿಜವನ್ನು ನುಂಗಿಕೊಂಡು ಹಿಡಿಯನ್ನು ಮೆಲ್ಲಗೆ ಹಿಂದಕ್ಕೆಳೆದರು. "ಹೂಂ, ಕೆಟ್ಟಿತು. ಇವತ್ತು ನೀರಲ್ಲಿ ಇಳಿಸೋದನ್ನ ಮಾಡಿ ತೋರಿಸಿ."

ಒಂದು ಸುಳ್ಳು ಹೇಳಿದ ಮೇಲೆ ಅದಕ್ಕೆ ನಾಲ್ಕು ತೇಪೆ ಹಾಕಬೇಕಲ್ಲ. ರೇಡಿಯೋದಲ್ಲೂ ಅಪಾಯದ ಕರೆ ಕೊಡಿ, ನಿಲ್ದಾಣದ ಟವರಿನವರಿಗೆ ಮೊದಲೇ ಹೇಳಿಟ್ಟಿದ್ದೇನೆ ಎಂದರು ಮೇಷ್ಟ್ರು. ಡಾಕ್ಟರಮ್ಮ ಕರೆ ಕೊಟ್ಟರು. ಟವರಿನವರ ದನಿ ಗಾಬರಿಯಿಂದ ಕೀರಲಾದಾಗ, ಅವರೂ ಚೆನ್ನಾಗಿ ನಟಿಸುತ್ತಾರೆ ಎಂದು ಹೊಗಳಿದರು. ಇಂಧನದ ಟ್ಯಾಂಕು ಬದಲಿಸಿದರು, ಪಂಪು ಹಾಕಿದರು. ಎಂಜಿನ್ ಮಿಸುಕಲಿಲ್ಲ. ನೀರಿಗೆ ಬಿದ್ದಾಗ ಬಾಗಿಲು ಕಚ್ಚಿಕೊಳ್ಳದಿರಲು ಅದನ್ನು ತೆರೆದು ಸಂದಿಗೆ ಶೂ ಸಿಕ್ಕಿಸಬೇಕು. ನನ್ನ ಶೂ ಹೊಸದು, ನಿಮ್ಮದೇ ಕೊಡಿ ಎಂದರು ಡಾಕ್ಟರಮ್ಮ. ಮೇಷ್ಟ್ರು ಒಂದು ಶೂ ಬಿಚ್ಚಿಕೊಟ್ಟರು.

ಡಾಕ್ಟರಮ್ಮ ಅಲೆಗಳಿಗೆ ಎದುರಾಗದೆ ಅವುಗಳ ಸಾಲಿನುದ್ದಕ್ಕೇ ಮೂತಿ ತಿರುಗಿಸಿದರು. ನೀರು ಹತ್ತಿರ ಬಂತು. ಎರಡು ಮಹಡಿ ಎತ್ತರ, ಒಂದು ಮಹಡಿ.

"ನೀವಿನ್ನೂ 'ಸಾಕು' ಅನ್ನಲಿಲ್ಲ, ಮೇಷ್ಟ್ರೇ."

"ಇನ್ನೂ ಸ್ವಲ್ಪ ಕೆಳಗೆ," ಎಂದರು ಮೇಷ್ಟ್ರು.

ಬಾಲ ನೀರಿಗೆ ತಾಗಿತು. ಆಮೇಲೆ ಹೊಟ್ಟೆ ಬಡಿಯಿತು, ಗಾಜಿನ ತುಂಬ ಹಸಿರು ನೀರೆದ್ದಿತು. ವಿಮಾನ ಅತ್ತಿತ್ತ ಓಲಾಡಿ ನಿಂತಾಗ ಬಾಗಿಲು ಶೂವನ್ನು ಕಚ್ಚಿಕೊಂಡು ತೆರೆದೇ ಇತ್ತು. ಇಬ್ಬರೂ ತೆವಳಿಕೊಂಡು ರೆಕ್ಕೆಯ ಮೇಲೆ ಬಂದು ಕೂತು, ತೇಲುವ ಜಾಕೆಟ್ಟುಗಳ ದಾರ ಎಳೆದರು. ದೂರದಲ್ಲಿ ಮೀನಿನ ದೋಣಿಯೊಂದು ಇವರ ಕಡೆಗೇ ತಿರುಗುತ್ತಿತ್ತು.

ಬದುಕಿದೆವಲ್ಲ ಎಂಬ ಖುಷಿಗೆ ಮೇಷ್ಟ್ರ ಕಣ್ಣು ತುಂಬಿತು. ಖುಷಿಯ ಹಿಂದೆಯೇ ನಾಚಿಕೆಯೂ ಬಂತು. ನಂಬಿ ಬಂದ ಶಿಷ್ಯೆಗೆ ಇಂಥ ಹೊತ್ತಿನಲ್ಲಿ ಸುಳ್ಳು ಹೇಳುವುದೇ? ಶೂ ಇಲ್ಲದ ಕಾಲನ್ನು ನೀರಲ್ಲಿ ಇಳಿಬಿಟ್ಟುಕೊಂಡು ತಲೆ ತಗ್ಗಿಸಿದರು.

"ಕ್ಷಮಿಸಿ ಡಾಕ್ಟ್ರೇ. ಅದು ಆಟ ಅಲ್ಲ, ನಿಜವಾಗ್ಲೂ ಕೆಟ್ಟಿತ್ತು. ಹೇಳಿದ್ರೆ ಹೆದರ್ಕೊಳ್ತೀರಿ ಅಂತ ಸುಮ್ನಿದ್ದೆ."

ಡಾಕ್ಟರಮ್ಮ ಕೂದಲು ಹಿಂಡುತ್ತಾ, "ಗೊತ್ತಿತ್ತು," ಎಂದರು. "ಅದು ಕೆಮ್ಮಿದ್ದು ಮೊದಲು, ನೀವು ಹಿಡಿ ಎಳೆದಿದ್ದು ಆಮೇಲೆ."

ಮೇಷ್ಟ್ರು ಬಾಯಿ ಬಿಟ್ಟುಕೊಂಡು ನೋಡಿದರು. "ಮತ್ತೆ ಹೇಳಬಾರದಿತ್ತಾ?"

"ಹೇಳಿದ್ರೆ, ನಾನೇ ಇಳಿಸ್ತೀನಿ ಅಂತ ಬರ್ತಿದ್ರಿ. ಆ ನಡುಗೋ ಕೈ ಇಟ್ಕೊಂಡು."