ಉತ್ತರ ಕೇಳದ ಲೆಕ್ಕ

“ನಿನ್ನ ಕಂಪೈಲರ್ ನನ್ನ ಲೆಕ್ಕ ನೋಡಿ ಮಕಾಡೆ ಮಲಗ್ತು ಕಣಮ್ಮ!” ಎನ್ನುತ್ತ ಮಾವ ತಮ್ಮ ಲ್ಯಾಪ್‌ಟಾಪನ್ನು ತಂದು ಊಟದ ಮೇಜಿನ ಮೇಲೆ, ಸೊಸೆಯ ಮುಂದಕ್ಕೇ ಇಟ್ಟರು. ಮುಖದಲ್ಲಿ ಪರೀಕ್ಷೆಯಲ್ಲಿ ಮೊದಲು ಬಂದವರ ಹಿಗ್ಗು.

ಸೊಸೆ ಬಗ್ಗಿ ನೋಡಿದಳು. ಮಲಗಿದ್ದು ನಿಜ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ಕಂಪೈಲರ್ ಅದು. ಅದರೊಳಗೆ, ಬೇಡದ್ದನ್ನೆಲ್ಲ ಕಿತ್ತೆಸೆದು ಪ್ರೋಗ್ರಾಮನ್ನು ಚುರುಕು ಮಾಡುವ ಭಾಗವೊಂದಿದೆ. ಅದನ್ನು ಬರೆದವಳು ಅವಳೇ. ಹೊಸ ಆವೃತ್ತಿಯನ್ನು ಮಾವನಿಗೂ ಹಾಕಿಕೊಟ್ಟಿದ್ದಳು. ಕುಸಿದದ್ದು ಸರಿಯಾಗಿ ಅವಳ ಭಾಗವೇ.

ಆಫೀಸಿನವರು ಯಾರಾದರೂ ಹೇಳಿದ್ದರೆ ಸೋಮವಾರ ನೋಡೋಣ ಎನ್ನುತ್ತಿದ್ದಳೋ ಏನೋ. ಇವರು ಗಣಿತದ ಮೇಷ್ಟ್ರಾಗಿ ನಿವೃತ್ತರಾದ ಮಾವ. ಮಗನ ಮದುವೆಯ ಕರೆಯೋಲೆಯಲ್ಲೂ ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿ ಬೀಗರಿಗೆ ವಾಪಸು ಕಳಿಸಿದ್ದ ಮನುಷ್ಯ. ಸೊಸೆಯ ಮೇಲೆ ಪ್ರೀತಿಗೇನೂ ಕಡಿಮೆಯಿಲ್ಲ; ಅವಳ ಕೆಲಸ ಎಂಥದೆಂದು ತಿಳಿಯಬೇಕೆಂದೇ ಈ ವಯಸ್ಸಿನಲ್ಲಿ ಪ್ರೋಗ್ರಾಮ್ ಬರೆಯಲು ಕಲಿತವರು. ಆದರೆ ಅವಳು ಈ ಮನೆಗೆ ಬಂದಾಗಿನಿಂದ ಅವರ ಬಾಯಿಂದ ಒಂದು ‘ಭೇಷ್’ ಬಿದ್ದಿರಲಿಲ್ಲ. ಅದೊಂದು ಮಾತಿಗಾಗಿ ತಾನು ಎಷ್ಟು ಹಾತೊರೆಯುತ್ತಿದ್ದೇನೆಂದು ನೆನೆದರೆ ಅವಳಿಗೇ ನಾಚಿಕೆಯಾಗುತ್ತಿತ್ತು.

“ಏನು ಲೆಕ್ಕ ಮಾವ ಇದು?”

“ಐನೂರು ಕೋಟಿವರೆಗಿನ ಸಮಸಂಖ್ಯೆಗಳನ್ನೆಲ್ಲ ಒಂದೊಂದಾಗಿ ಕೂಡೋದು. ಸೂತ್ರ ಹಾಕಿದ್ರೆ ಒಂದೇ ಸಾಲು, ನನಗೂ ಗೊತ್ತು. ನಿನ್ನ ಯಂತ್ರ ಸ್ವಲ್ಪ ಬೆವರಲಿ ಅಂತ ಸುತ್ತು ದಾರೀಲಿ ಬರೆದೆ.”

“ಭಾನುವಾರನಾದ್ರೂ ಆ ಹುಡುಗೀನ ಆರಾಮಾಗಿರೋಕೆ ಬಿಡ್ರೀ,” ಎಂದು ಅತ್ತೆ ಅಡುಗೆಮನೆಯಿಂದಲೇ ಗದರಿದರು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಳ್ಳ ಸಿಕ್ಕಿಬಿದ್ದ. ಅವಳ ಭಾಗ ಸಾಲಿನಿಂದ ಸಾಲಿಗೆ ಹೋಗುತ್ತ, ಯಾರಿಗೂ ಬೇಡದ ಸಾಲು ಕಂಡರೆ ಎಸೆಯುತ್ತಿತ್ತು. ಬಿಡಿ ಸಾಲುಗಳಾದರೆ ತೊಂದರೆಯಿರಲಿಲ್ಲ. ಮತ್ತೆ ಮತ್ತೆ ಸುತ್ತುವ ಲೆಕ್ಕವೊಂದನ್ನು ಇಡಿಯಾಗಿ ಎಸೆಯಬೇಕಾಗಿ ಬಂದಾಗ ಮಾತ್ರ, ಮೊದಲು ಎಸೆದುಬಿಟ್ಟು, ಆಮೇಲೆ ಎಸೆದದ್ದನ್ನೇ ‘ನಿನ್ನ ಮುಂದಿನವರು ಯಾರು?’ ಎಂದು ಕೇಳುತ್ತಿತ್ತು. ಕೂತವರನ್ನು ಎಬ್ಬಿಸಿ ಕಳಿಸಿ, ಪಕ್ಕದಲ್ಲಿ ಯಾರಿದ್ದರೆಂದು ಖಾಲಿ ಕುರ್ಚಿಯನ್ನು ವಿಚಾರಿಸಿದ ಹಾಗೆ. ಅವಳು ಕ್ರಮ ಬದಲಿಸಿದಳು: ಮೊದಲು ಕೇಳು, ಆಮೇಲೆ ಎಸೆ. ಆಫೀಸಿನ ಪರೀಕ್ಷೆಗಳಲ್ಲಿ ಈ ತಪ್ಪು ಸಿಗದಿದ್ದುದಕ್ಕೂ ಕಾರಣವಿತ್ತು. ಅಷ್ಟೆಲ್ಲ ಕೂಡಿ, ಉತ್ತರ ಮಾತ್ರ ಕೇಳದೆ ಎದ್ದುಹೋಗುವ ಪ್ರೋಗ್ರಾಮನ್ನು ಅಲ್ಲಿ ಯಾರೂ ಬರೆದಿರಲಿಲ್ಲ. ಮಾವ ಬರೆದಿದ್ದರು. ಮೊತ್ತವನ್ನು ತೆರೆಯ ಮೇಲೆ ತೋರಿಸು ಎನ್ನುವ ಸಾಲೇ ಅದರಲ್ಲಿರಲಿಲ್ಲ.

ಇದನ್ನು ಹೇಳಬೇಕೆನ್ನುವಷ್ಟರಲ್ಲಿ ಮಾವ ಗುಂಡಿ ಒತ್ತಿಬಿಟ್ಟಿದ್ದರು. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು.

“ಐನೂರು ಕೋಟಿ! ಇಷ್ಟು ಬೇಗ! ಭೇಷ್ ಕಣಮ್ಮ, ಭೇಷ್! ಲೇ, ಬಾರೇ ಇಲ್ಲಿ, ನಿನ್ನ ಸೊಸೆ ಮಾಡಿರೋದು ನೋಡು!”

ಸೊಸೆಯ ಎದೆ ತುಂಬಿ ಬಂತು. ಆದರೆ ಯಂತ್ರ ಒಂದು ಸಂಖ್ಯೆಯನ್ನೂ ಕೂಡಿರಲಿಲ್ಲ. ಸುಮ್ಮನಿದ್ದರೆ ಭೇಷ್ ಉಳಿಯುತ್ತಿತ್ತು, ಸುಮ್ಮನಿರಲು ಆಸೆಯೂ ಆಯಿತು. ಆದರೆ ತಪ್ಪು ತಿದ್ದುವ ಮೇಷ್ಟ್ರ ಬಾಯಿಂದ ಬಂದದ್ದಾದ್ದರಿಂದ ಆ ಸುಳ್ಳು ಭೇಷ್ ಗಂಟಲಲ್ಲಿ ಇಳಿಯಲಿಲ್ಲ.

“ಮಾವ, ಅದು ಲೆಕ್ಕಾನೇ ಮಾಡಿಲ್ಲ. ಉತ್ತರ ತೋರಿಸು ಅಂತ ನೀವು ಹೇಳಿಲ್ವಲ್ಲ. ಯಾರಿಗೂ ಬೇಡದ ಲೆಕ್ಕ ಅಂತ ಪೂರ್ತಿ ಕಿತ್ತು ಹಾಕಿದೆ.”

ಮಾವ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡರು. “ಉತ್ತರ ಯಾಕಮ್ಮ ಬೇಕು? ದಾರಿ ಸರಿಯಿದ್ರೆ ಆಯ್ತು. ಉತ್ತರ ತಪ್ಪಿದ್ರೂ ಹೆಜ್ಜೆ ನೋಡಿ ಅಂಕ ಕೊಡ್ತಿದ್ದವನು ನಾನು. ಇದೊಳ್ಳೆ ಕೊನೇ ಸಾಲು ಮಾತ್ರ ನೋಡೋ ಮೇಷ್ಟ್ರ ಥರ ಆಡುತ್ತಲ್ಲ! ಕೊಟ್ಟ ಭೇಷ್ ವಾಪಸ್!”

“ಕೊಟ್ಟಿದ್ದನ್ನ ಕಿತ್ಕೊಳ್ಳೋ ಬುದ್ಧಿ ಯಾವಾಗ ಬಂತು ನಿಮಗೆ?” ಎಂದು ಕೈ ಒರೆಸಿಕೊಳ್ಳುತ್ತ ಬಂದ ಅತ್ತೆ ಸೊಸೆಯ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಸೊಸೆಗೆ ಅನ್ನಿಸಿತು.

ಮಾವ ಮುನಿಸಿನಲ್ಲೇ ಒಂದು ಸಾಲು ಸೇರಿಸಿದರು: ಮೊತ್ತ ತೋರಿಸು. ಮತ್ತೆ ಗುಂಡಿ ಒತ್ತಿದರು. ಈ ಸಲ ಲ್ಯಾಪ್‌ಟಾಪಿನ ಫ್ಯಾನು ಗುರ್ರೆಂದಿತು. ಯಂತ್ರ ನಿಜಕ್ಕೂ ದುಡಿಯಿತು. ಮೂವರೂ ಬಗ್ಗಿ ನೋಡುತ್ತಿದ್ದಂತೆ ತೆರೆಯ ಮೇಲೆ ಮಾರುದ್ದದ ಸಂಖ್ಯೆಯೊಂದು ಮೂಡಿತು. ಅದರ ಕೊನೆಯ ಅಂಕಿ ಒಂದು.

ಸಮಸಂಖ್ಯೆಗಳನ್ನು ಎಷ್ಟು ಕೂಡಿದರೂ ಬೆಸಸಂಖ್ಯೆ ಬರುವುದಿಲ್ಲ. ಎಷ್ಟೋ ಮಕ್ಕಳಿಗೆ ಕಿವಿ ಹಿಂಡಿ ಇದನ್ನು ಕಲಿಸಿದ್ದ ಮೇಷ್ಟ್ರು, ಮೊತ್ತವನ್ನು ಸೊನ್ನೆಯಿಂದ ಶುರುಮಾಡುವ ಬದಲು ಒಂದರಿಂದ ಶುರುಮಾಡಿಬಿಟ್ಟಿದ್ದರು. ಮಾವ ಆಗಷ್ಟೇ ಸೇರಿಸಿದ್ದ ಸಾಲನ್ನು ಮೆಲ್ಲಗೆ ಅಳಿಸಿ, ಇನ್ನೊಮ್ಮೆ ಗುಂಡಿ ಒತ್ತಿದರು. ಲೆಕ್ಕವೆಲ್ಲ ಮಾಯವಾಯಿತು.

“ಭೇಷ್ ಕಣಮ್ಮ,” ಎಂದರು, ಈ ಸಲ ಮೆತ್ತಗೆ. “ನಾನು ಇದಕ್ಕೂ ಅಂಕ ಕೊಟ್ಟಿರ್ತಿದ್ದೆ. ನೀನು ಬರೆದದ್ದು ನನಗಿಂತ ಬುದ್ಧಿವಂತ. ತಪ್ಪು ಲೆಕ್ಕ ಅಂತ ಮೊದಲೇ ಕಂಡುಹಿಡಿದು ಎಸೆದಿತ್ತು ನೋಡು!”

ಕಂಪೈಲರಿಗೆ ಸರಿ ಯಾವುದು ತಪ್ಪು ಯಾವುದು ಎಂದೇನೂ ಗೊತ್ತಾಗುವುದಿಲ್ಲ ಎಂದು ಹೇಳಲು ಸೊಸೆ ಬಾಯಿ ತೆರೆದಳು. ಮೇಜಿನ ಕೆಳಗೆ ಅತ್ತೆ ಅವಳ ಕಾಲನ್ನು ಗಟ್ಟಿಯಾಗಿ ತುಳಿದರು.