ಹಣಮವ್ವ ಬರೆದ ಅಂಕಿಗಳು

ಪಿಎಚ್‌ಡಿ ಮೌಖಿಕ ಪರೀಕ್ಷೆಗೆ ಸ್ವಲ್ಪ ಮೊದಲು, ಗೈಡ್ ಆಗಿದ್ದ ಪ್ರೊಫೆಸರ್ ಕೆಂಪು ಪೆನ್ನಿನಿಂದ ಇಡೀ ಪುಟಕ್ಕೆ ಅಡ್ಡಗೆರೆ ಎಳೆದಾಗ ಲುಂಬಿನಿಗೆ ಮೈಯೆಲ್ಲ ಉರಿಯಿತು. ಶಹಾಬಾದಿನ ಮನೆಯ ಮಾಳಿಗೆ ಮೇಲೆ ಅವಳು ಲ್ಯಾಬಿನಲ್ಲಿ ತಯಾರಿಸಿ ಇಟ್ಟುಬಂದಿದ್ದ ಹೊಸ ಸೋಲಾರ್ ಸೆಲ್ಲಿನ ಮೂರು ತಿಂಗಳ ಅಂಕಿಗಳು ಆ ಪುಟದಲ್ಲಿದ್ದವು. ಬರೆದವಳು ಅವ್ವ ಹಣಮವ್ವ. ಕಲ್ಲು ಪಾಲಿಶ್ ಕೆಲಸದಿಂದ ಮಧ್ಯಾಹ್ನ ಊಟಕ್ಕೆ ಬಂದವಳು ಮೊದಲು ಏಣಿ ಹತ್ತಿ ಮೀಟರ್ ನೋಡುತ್ತಿದ್ದಳು.

“ಲ್ಯಾಬಿನಾಗ ಎಫಿಶಿಯೆನ್ಸಿ ಇಪ್ಪತ್ಮೂರು ಪರ್ಸೆಂಟ್ ಬಂದದ. ಅದಷ್ಟೇ ತೋರಿಸು. ಇದು ಕಲ್ಲಿನ ಧೂಳಿನ ತಪ್ಪು.”

“ಅವ್ವ ದಿನಾ ಧೂಳು ಒರಿಸೇ ನೋಡ್ಯಾಳ್ರಿ ಸರ್. ನಮ್ಮ ಬಿಸಿಲಿಗೆ ಸೆಲ್ಲೇ ಕೆಡಲಿಕತ್ತದ. ಅರ್ಧಕ್ಕ ಇಳದದ.”

“ಸಾಲಿ ಕಲೀದ ಹೆಣಮಗಳು ಬರದದ್ದು ಸೈನ್ಸ್ ಆಗತದೇನು?”

ಈ ಕೆಲಸಕ್ಕಾಗಿಯೇ ಅವ್ವ ಮಗಳ ಹತ್ತಿರ ಅಂಕಿ ಕಲಿತಿದ್ದಳು. ಎಂಟು ಬರೆಯಲು ಎರಡು ಸೊನ್ನೆ ಒಂದರ ಮೇಲೊಂದು ಇಡುತ್ತಿದ್ದಳು. ಲುಂಬಿನಿ ಪ್ರೊಫೆಸರ್ ಕೈಯಿಂದ ನೋಟ್‌ಬುಕ್ ಕಸಿದುಕೊಂಡಳು.

“ಅದನ್ನ ತೋರಿಸಿದ್ರ ನನ್ನ ಸಹಿ ಸಿಗಂಗಿಲ್ಲ!”

“ನಿಮ್ಮ ಸಹಿ ನಿಮ್ಮ ಹಂತ್ಯಾಕೇ ಇರಲ್ರಿ,” ಎಂದವಳೇ ಪಕ್ಕದ ಕೋಣೆಗೆ ನುಗ್ಗಿ, ಹೊರಗಿನಿಂದ ಬಂದಿದ್ದ ಪರೀಕ್ಷಕರ ಮುಂದೆ ಆ ಪುಟ ತೆರೆದಿಟ್ಟಳು. ನಡೆದದ್ದನ್ನೆಲ್ಲ ಹೇಳಿದಳು.

ಹಿರಿಯ ಪರೀಕ್ಷಕರು ಸಾಲು ಸಾಲಾಗಿ ಓದಿ ತಲೆಯೆತ್ತಿದರು. “ಇದು ನಿಜವಾದರೆ ಸೆಲ್ಲನ್ನು ಮತ್ತೆ ಸರಿಪಡಿಸಬೇಕು, ನಿನ್ನ ಡಿಗ್ರಿ ಇನ್ನೆರಡು ವರ್ಷ ಮುಂದಕ್ಕೆ ಹೋಗುತ್ತದಲ್ಲಮ್ಮ.”

ಲುಂಬಿನಿ ನೋಟ್‌ಬುಕ್ಕನ್ನು ಅವರತ್ತ ಇನ್ನಷ್ಟು ಸರಿಸಿದಳು. “ಹೋಗಲಿ ಬಿಡ್ರಿ. ಉರಿಬಿಸಿಲಾಗ ಇಡೂ ವಸ್ತು, ನೆಳ್ಳಾಗ ನೋಡಿ ಪಾಸ್ ಮಾಡಬ್ಯಾಡ್ರಿ.”