ಚೀಟಿಯಲ್ಲಿನ ಹೆಸರು

ಡಾಕ್ಟರ ಲೇಖನಿ ಹೆಸರು ಬರೆಯುವ ಜಾಗದಲ್ಲಿ ನಿಂತಿತು. "ಇನ್ಮೇಲೆ ಉಸ್ಮಾನ್ ಸಾಬರ ಹೆಸರಲ್ಲಿ ಬರೆಯಕ್ಕಾಗಲ್ಲ ಕಣಮ್ಮ. ಪಾಸ್‌ಪೋರ್ಟಲ್ಲಿರೋ ಹೆಸರೇ ಚೀಟೀಲೂ ಇರಬೇಕು, ಕಾಯಿಲೆ ಹೆಸರೂ ಇರಬೇಕು. ಇಲ್ದಿದ್ರೆ ಜಿದ್ದಾ ಏರ್‌ಪೋರ್ಟಲ್ಲಿ ಮಾತ್ರೆ ಕಿತ್ಕೊಳ್ತಾರೆ."

ಹಮೀದಾ ಬೇಗಂ ಕೈಯಲ್ಲಿದ್ದ ಹಳೆಯ ಚೀಟಿಯನ್ನು ನೋಡಿದರು. ಅವರಿಗೆ ಮೂರ್ಛೆರೋಗ. ಮಗಳ ಸಂಬಂಧಕ್ಕೆ ಅಡ್ಡಿಯಾಗಬಾರದೆಂದು ಹದಿನೆಂಟು ವರ್ಷ ಗಂಡ ಉಸ್ಮಾನ್ ಸಾಬರೇ ತಮ್ಮ ಹೆಸರಿನಲ್ಲಿ ಚೀಟಿ ಬರೆಸಿ, ಶಿಡ್ಲಘಟ್ಟದ ಅಂಗಡಿಗಳನ್ನು ಬಿಟ್ಟು ಚಿಂತಾಮಣಿಯಿಂದ ಮಾತ್ರೆ ತಂದುಕೊಟ್ಟಿದ್ದರು. ಇಬ್ಬರೂ ಹಜ್‌ಗೆ ಹೋಗೋಣ ಎಂದಿದ್ದ ಆ ಮನುಷ್ಯನನ್ನು ದೇವರು ಐದು ತಿಂಗಳ ಹಿಂದೆ ಕರೆದುಕೊಂಡ. ವಿಧವೆ ಮನೆಯಲ್ಲೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದಿದ್ದವು. ಈಗ ಮಗನ ಜೊತೆ ಹೊರಡಬೇಕು. ಮಗಳ ಅತ್ತೆ, ಉರ್ದು ಶಾಲೆಯ ಟೀಚರು ಷಮೀಮ್, ಅದೇ ವಿಮಾನಕ್ಕೆ ಬರುವವರು. ಅವರಿಗೆ ಈ ಕಾಯಿಲೆಯ ವಿಷಯ ಗೊತ್ತಿಲ್ಲ. ಪರದೆಯ ಆಚೆ ಬೆಂಚಿನ ಮೇಲೆ ಅವರೇ ಕೂತಿದ್ದರು.

"ಬೀಗತಿ ಕೂತವ್ರೆ, ಏನಂತ ಬರೀಲಿ ಮೆಲ್ಲಗೆ ಹೇಳಮ್ಮ," ಎಂದರು ಡಾಕ್ಟರು.

"ಮೆಲ್ಲಗೆ ಯಾಕೆ ಡಾಕ್ಟ್ರೇ? ಅಲ್ಲಾಹನ ಮನೆಗೆ ಸುಳ್ಳು ಚೀಟಿ ಹಿಡ್ಕೊಂಡು ಹೋಗಲ್ಲ ನಾನು. ಹಮೀದಾ ಬೇಗಂ. ಮೂರ್ಛೆರೋಗ. ಬರೀರಿ."

ಸಹಿ, ಮೊಹರು ಬಿದ್ದ ಮೇಲೆ ಅವರು ಪರದೆ ಸರಿಸಿ ಹೊರಬಂದು ಕಾಗದವನ್ನು ಷಮೀಮರ ಮಡಿಲಲ್ಲಿಟ್ಟರು. "ನನಗೆ ಇಂಗ್ಲಿಷ್ ಬರಲ್ಲ. ಎಲ್ಲಾ ಸರಿಯಾಗಿ ಬರೆದಿದ್ದಾರಾ, ಓದಿ ನೋಡಿ."

ಷಮೀಮ್ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಂದು ಸಲ ಮೊದಲಿನಿಂದ ಓದಿದರು. ಆಮೇಲೆ ಕಾಗದವನ್ನು ಮಡಿಸಿ ಹಮೀದಾರ ಕೈಗೆ ಕೊಟ್ಟು, ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತರು.

"ಸರಿಯಾಗಿದೆ. ಬನ್ನಿ, ಕೂತ್ಕೊಳ್ಳಿ. ಮಾತ್ರೆ ದಿನಾ ಎಷ್ಟೊತ್ತಿಗೆ?"